ಮೆಟ್ಟಿಲ ತಿರುವಿನ ಕಟ್ಟೆ

ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಕಟ್ಟಿಸಿದವನು ಲಿಫ್ಟಿಗೆಂದು ಜಾಗವನ್ನೇನೋ ಬಿಟ್ಟಿದ್ದ. ಈಗ ಅಲ್ಲಿ ಮುರಿದ ಕುರ್ಚಿ, ಹಳೆಯ ಸೈಕಲ್ಲು, ಯಾರದೋ ಮಗುವಿನ ತೊಟ್ಟಿಲು ಬಿದ್ದಿವೆ. ಹಾಗಾಗಿ ಎಲ್ಲರೂ ಮೆಟ್ಟಿಲು ಹತ್ತಲೇಬೇಕು, ಹತ್ತುವಾಗ ಎರಡನೇ ಮಹಡಿಯ ತಿರುವಿನಲ್ಲಿ ನನ್ನ ಕಿಟಕಿಯ ಮುಂದೆ ಹಾದುಹೋಗಲೇಬೇಕು. ಆ ಕಿಟಕಿಯ ಕೆಳಗೆ ಗೋಡೆಗೆ ಸೇರಿದ ಹಾಗೆ ಒಂದು ಕಲ್ಲಿನ ಕಟ್ಟೆ ಇದೆ. ಇಬ್ಬರು ಕೂರುವಷ್ಟು ಉದ್ದ. ಮೂರನೆಯವರು ಬಂದರೆ ಒಬ್ಬರು ಏಳಬೇಕು.

ಕಿಟಕಿಯ ಒಳಗೆ ನನ್ನ ಕೆಲಸದ ಮೇಜು. ನಾನು ಹಲ್ಲಿನ ಸೆಟ್ಟು ಮಾಡುವವಳು. ಡಾಕ್ಟರರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದರ ಮೇಲೆ ಮೇಣ ಕಟ್ಟಿ, ಹಲ್ಲು ಕೂರಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತೇನೆ. ಕಟ್ಟಡದವರಿಗೆಲ್ಲ ನಾನು ಹಲ್ಲಕ್ಕ. ನನ್ನ ಸ್ವಂತ ಹಲ್ಲು ಇನ್ನೂ ಗಟ್ಟಿಯಾಗಿವೆ ಎಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮೇಣದ ವಾಸನೆ ಹೋಗಲೆಂದು ಕಿಟಕಿ ಸದಾ ತೆರೆದಿರುತ್ತದೆ, ಕಟ್ಟೆಯ ಮೇಲೆ ಕೂತವರ ಮಾತು ನನ್ನ ಮೇಜಿನವರೆಗೂ ಬರುತ್ತದೆ. ಕದ್ದು ಕೇಳುವ ಬುದ್ಧಿ ನನಗಿಲ್ಲ. ಕಿಟಕಿ ನನ್ನದು, ಕಿವಿಯೂ ನನ್ನದು. ಕೇಳಿಸಬಾರದು ಅಂತಿದ್ದರೆ ಅವರು ತಮ್ಮ ಮನೆಗೆ ಹೋಗಿ ಮಾತಾಡಬಹುದಿತ್ತು.

ಹಾಗೆ ಮನೆಗೆ ಹೋಗಿ ಮಾತಾಡದ ಇಬ್ಬರ ವಿಷಯ ಇದು. ನಾಲ್ಕನೇ ಮಹಡಿಯ ಗಂಡ ಹೆಂಡತಿ. ಅವನು ಸರಕು ಹಡಗಿನಲ್ಲಿ ಅಡುಗೆಯವನು. ಒಮ್ಮೆ ಹೋದನೆಂದರೆ ತಿಂಗಳುಗಟ್ಟಲೆ ಮುಖ ಕಾಣಿಸುವುದಿಲ್ಲ. ಅವಳು ಬಸ್ ನಿಲ್ದಾಣದ ಪಾರ್ಸೆಲ್ ಆಫೀಸಿನಲ್ಲಿ ತೂಕದ ಕೌಂಟರಿನವಳು. ಬಂದ ಪೆಟ್ಟಿಗೆ, ಮೂಟೆ, ಟೈರು, ಫ್ಯಾನು ಎಲ್ಲವನ್ನೂ ತಕ್ಕಡಿಯ ಮೇಲೆ ಇಡಿಸಿ, ಅಂಕಿ ಕೂಗಿ, ಚೀಟಿ ಅಂಟಿಸುವುದು ಅವಳ ಕೆಲಸ. ಅದಕ್ಕೇ ನಮ್ಮೆಲ್ಲರಿಗೂ ಅವಳು ಪಾರ್ಸೆಲಮ್ಮ. ಮದುವೆಯಾಗಿ ಈ ಕಟ್ಟಡಕ್ಕೆ ಬಂದಾಗಲೇ ದಪ್ಪಗಿದ್ದಳು, ಬರುಬರುತ್ತ ಇನ್ನಷ್ಟು ಆದಳು. ಬೀದಿಯಿಂದ ನನ್ನ ಕಿಟಕಿಯವರೆಗೆ ಹತ್ತುವಷ್ಟರಲ್ಲಿ ಅವಳಿಗೆ ಜೀವ ಬಾಯಿಗೆ ಬಂದಿರುತ್ತಿತ್ತು. ಕಟ್ಟೆ ಕಂಡ ಕೂಡಲೇ ಕೂತುಬಿಡುತ್ತಿದ್ದಳು. ಗಂಡ ಮನೆಯಲ್ಲಿರುವ ದಿನಗಳಲ್ಲಿ ಅವಳ ಪಕ್ಕದಲ್ಲಿ ಅವನೂ ಕೂರುತ್ತಿದ್ದ.

ಉಸಿರು ಹದಕ್ಕೆ ಬರಲು ಮನುಷ್ಯರಿಗೆ ಸ್ವಲ್ಪ ಹೊತ್ತು ಸಾಕು. ಇವರಿಗೆ ನನ್ನ ಒಂದು ದವಡೆಯ ಕೆಲಸ ಮುಗಿಯುವಷ್ಟು ಹೊತ್ತು ಬೇಕಾಗುತ್ತಿತ್ತು. ಅವನು ಹಡಗಿನ ಕ್ಯಾಪ್ಟನ್ನಿನ ಅಣಕ ಮಾಡುತ್ತಿದ್ದ. ಅವಳು ಆ ದಿನ ಯಾರು ಯಾರಿಗೆ ಏನು ಕಳಿಸಿದರು, ಯಾರ ಪೆಟ್ಟಿಗೆ ಒಡೆದು ಏನು ಹೊರಗೆ ಬಿತ್ತು ಎಂದು ಹೇಳುತ್ತಿದ್ದಳು. ಜಗಳವೂ ಅಲ್ಲೇ, ರಾಜಿಯೂ ಅಲ್ಲೇ. ಅವರಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ನನ್ನ ಕಿಟಕಿಯ ಕೆಳಗೆ ಒಂದೇ ಒಂದು ಸಲ ಮಾತಾಡಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಮನೆಯೊಳಗೆ ಅವರು ಅಷ್ಟು ಮಾತಾಡುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ಮನೆಯೊಳಗೆ ಟೀವಿ ಇರುತ್ತದೆ, ಒಲೆ ಇರುತ್ತದೆ, ಒಗೆಯಬೇಕಾದ ಬಟ್ಟೆ ಇರುತ್ತದೆ. ಕಟ್ಟೆಯ ಮೇಲೆ ಅವರಿಬ್ಬರೇ.

ಹೊರಡುವ ದಿನವೂ ಅಷ್ಟೆ. ಅವಳು ಬೀದಿಗೆ ಇಳಿಯುತ್ತಿರಲಿಲ್ಲ. ಬೀದಿಯಲ್ಲಿ ಹತ್ತು ಜನರ ಮುಂದೆ ಮುಖ ಊದಿಸಿಕೊಂಡು ಕೈ ಬೀಸುವುದು ಇಬ್ಬರಿಗೂ ಆಗದು. ಕಟ್ಟೆಯವರೆಗೆ ಜೊತೆಯಲ್ಲಿ ಬಂದು ಕೂರುವುದು, ಕೆಳಗೆ ಟ್ಯಾಕ್ಸಿಯವನು ಎರಡನೇ ಸಲ ಹಾರ್ನ್ ಹೊಡೆದ ಮೇಲೆ ಅವನು ಎದ್ದು ಹೋಗುವುದು, ಹಿಂದೆ ತಿರುಗಿ ನೋಡದಿರುವುದು. ಅದು ಅವರೇ ಮಾಡಿಕೊಂಡ ಕಾನೂನು.

ಒಂದು ಸಲ ಅವನು ಹೊರಟಾಗ ಎಡವಟ್ಟಾಯಿತು. ಅವನು ಎದ್ದುಹೋದ ಮೇಲೆ ಅವಳು ಎಂದಿನಂತೆ ಅಲ್ಲೇ ಕೂತಿದ್ದಳು. ಪಕ್ಕಕ್ಕೆ ಕೈಯೂರಿದಾಗ ಏನೋ ತಾಗಿತು. ಅವನ ಕನ್ನಡಕದ ಡಬ್ಬಿ, ಕನ್ನಡಕ ಒಳಗೇ ಇತ್ತು. ಮಾತಾಡುತ್ತ ತೆಗೆದಿಟ್ಟವನು ಮರೆತುಹೋಗಿದ್ದ.

"ರೀ," ಎಂದು ಕೂಗಿದಳು. ಟ್ಯಾಕ್ಸಿಯ ಡಿಕ್ಕಿ ಮುಚ್ಚಿದ ಸದ್ದು ಕೇಳಿಸಿತು. ಅವಳು ಎದ್ದು ಇಳಿಯತೊಡಗಿದಳು. ನಾನು ಕಿಟಕಿಯಿಂದ ನೋಡುತ್ತಲೇ ಇದ್ದೆ. ಒಂದು ಕೈ ಗೋಡೆಯ ಮೇಲೆ, ಒಂದು ಕೈಯಲ್ಲಿ ಡಬ್ಬಿ, ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಕೂಡಿಸಿ ಇಡಬೇಕು, ಮಂಡಿ ಅಷ್ಟು ನೋಯುತ್ತಿತ್ತು. ನಾನು ಓಡಬಹುದಿತ್ತು ಎನ್ನುತ್ತೀರಿ. ನನ್ನ ಎರಡೂ ಕೈ ಹಲ್ಲಿನ ಅಚ್ಚಿಗೆ ಕಲಸಿದ ಗಚ್ಚಿನಲ್ಲಿದ್ದವು, ಮೇಲಾಗಿ ನನಗೆ ಅದು ಹೊಳೆಯಲೂ ಇಲ್ಲ. ನಾನು ಕೈ ತೊಳೆದು ಬೀದಿ ಕಡೆಯ ಕೋಣೆಗೆ ಹೋಗಿ ಬಗ್ಗಿ ನೋಡಿದಾಗ ಅವಳು ರಸ್ತೆಯ ನಡುವೆ ನಿಂತಿದ್ದಳು, ಟ್ಯಾಕ್ಸಿ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ತಿರುಗುತ್ತಿತ್ತು. ಹಿಂದಿನಿಂದ ಯಾವುದೋ ಲಾರಿಯವನು ಅವಳಿಗೆ ಬೈದು ಪಕ್ಕಕ್ಕೆ ಸರಿಸಿದ.

ತಿರುಗಿ ಬಂದು ಕಟ್ಟೆಯ ಮೇಲೆ ಕುಸಿದಳು. ಉಸಿರಿಗಾಗಿ ಕೂತಳೋ ಅಳುವುದಕ್ಕಾಗಿ ಕೂತಳೋ, ಎರಡೂ ಒಟ್ಟಿಗೆ ಬಂದಿದ್ದವು.

"ಎರಡು ಮಹಡಿ ಅಕ್ಕಾ," ಅಂದಳು. "ಎರಡೇ ಎರಡು ಮಹಡಿ ಇಳಿಯೋಕೆ ಆಗ್ಲಿಲ್ಲ ನನ್ನ ಕೈಲಿ. ಅವರು ಅಲ್ಲಿ ಉಪ್ಪು ಯಾವುದು ಸಕ್ಕರೆ ಯಾವುದು ಅಂತ ಹೆಂಗೆ ನೋಡ್ತಾರೆ?"

"ನೆಕ್ಕಿ ನೋಡ್ತಾನೆ ಬಿಡೆ," ಅಂದೆ. ಅವಳು ನಗಲಿಲ್ಲ.

ಅವನು ಯಾವುದೋ ಬಂದರಿನ ಅಂಗಡಿಯಲ್ಲಿ ಸಿಕ್ಕ ಕನ್ನಡಕ ಕೊಂಡು ಮೂಗಿಗೇರಿಸಿಕೊಂಡ. ಇವಳು ಮಾರನೆಯ ವಾರ ಒಂದು ಜೊತೆ ಬೂಟು ತಂದಳು. ಅವಳನ್ನು ನೋಡುವ ಡಾಕ್ಟರರು, ತೂಕ ಇಳಿಸಿ, ಬಿಪಿ ಏರಿದೆ ಎಂದು ವರ್ಷಗಳಿಂದ ಹೇಳುತ್ತ ಬಂದಿದ್ದರು. ಆ ಮಾತು ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತಿತ್ತು. ಕನ್ನಡಕದ ಡಬ್ಬಿ ಮಾತ್ರ ಕಿವಿಯೊಳಗೇ ಕೂತುಬಿಟ್ಟಿತು. ಅವನು ಮರಳಿ ಬರುವ ದಿನ ತಾನು ಬೇರೆಯೇ ಹೆಂಗಸಾಗಿರಬೇಕು, ನೋಡಿದ ಕೂಡಲೇ ಅವನಿಗೆ ಗೊತ್ತಾಗಬೇಕು ಎಂದು ಹಠ ಹಿಡಿದಳು. ಅವಳಿಗೆ ಬೇಕಾಗಿದ್ದು ಅದೊಂದೇ.

ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನಡೆಯತೊಡಗಿದಳು. ಎಲ್ಲರೂ ಹೋಗುವ ಪಾರ್ಕಿಗೆ ಹೋಗಲಿಲ್ಲ. ಟ್ಯಾಕ್ಸಿ ಹೋದ ದಾರಿಯಲ್ಲಿ ಹೋದಳು. ಮೊದಮೊದಲು ಪೆಟ್ರೋಲ್ ಬಂಕಿನ ಮೂಲೆಯವರೆಗೆ, ಅಲ್ಲೇ ಕಂಬ ಹಿಡಿದು ನಿಂತು ವಾಪಸು. ಆಮೇಲೆ ಅಲ್ಲಿಂದ ಮುಂದೆ ಔಷಧಿ ಅಂಗಡಿಯವರೆಗೆ. ಆಮೇಲೆ ರೈಲ್ವೆ ಸೇತುವೆಯವರೆಗೆ. ಅವನು ಆ ಟ್ಯಾಕ್ಸಿಯಲ್ಲಿ ಸ್ಟೇಷನ್ನಿಗೆ ಹೋಗಿದ್ದ, ಸ್ಟೇಷನ್ನಿನಿಂದ ರೈಲಿನಲ್ಲಿ ಬಂದರಿಗೆ. ಇವಳು ದಿನಾ ಅವನ ಹಿಂದೆ ಅಷ್ಟಷ್ಟು ದೂರ ಹೋಗಿ ಬರುತ್ತಿದ್ದಳು. "ನಡೆಯುವಾಗ ಏನು ಯೋಚ್ನೆ ಮಾಡ್ತೀಯೇ?" ಎಂದು ಒಮ್ಮೆ ಕೇಳಿದೆ. "ಏನಿಲ್ಲ ಅಕ್ಕಾ, ಅವರ ಜೊತೆ ಮಾತಾಡ್ತೀನಿ," ಅಂದಳು. "ಕಟ್ಟೆ ಮೇಲೆ ಆಡೋದನ್ನೇ. ಉತ್ತರ ಬರಲ್ಲ ಅನ್ನೋದು ಬಿಟ್ರೆ ಏನೂ ವ್ಯತ್ಯಾಸ ಇಲ್ಲ."

ಊಟ ಬದಲಾಯಿತು. ಬೇಯಿಸಿದ ತರಕಾರಿ, ಬೇಯಿಸಿದ ಕಾಳು, ಬೇಯಿಸಿದ ಇನ್ನೇನೋ. ಚಹಕ್ಕೆ ಸಕ್ಕರೆ ನಿಂತಿತು. ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಕೇಕು ಬಂದರೆ ತನ್ನ ಪಾಲನ್ನು ಲೋಡರಿಗೆ ಕೊಡುತ್ತಿದ್ದಳು. ಮೂಟೆ ಇಳಿಸಿ ಏರಿಸುವ ಆ ಲೋಡರು ಕಡ್ಡಿಯ ಹಾಗಿದ್ದ. ಎಷ್ಟು ತಿಂದರೂ ಅವನ ಮೈಗೆ ಹತ್ತುತ್ತಿರಲಿಲ್ಲ. ಅದನ್ನು ನೋಡಿ ಇವಳಿಗೆ ಹೊಟ್ಟೆ ಉರಿಯುತ್ತಿತ್ತು.

ಇನ್ನು ತಕ್ಕಡಿಯ ವಿಷಯ. ಕೌಂಟರು ತೆರೆಯುವ ಮುಂಚೆ ಬೂಟು ಬಿಚ್ಚಿ ಪಾರ್ಸೆಲ್ ತಕ್ಕಡಿಯ ಮೇಲೆ ಹತ್ತಿ ನಿಲ್ಲುತ್ತಿದ್ದಳು. ಮೊದಲ ದಿನ ಎಂಬತ್ತೊಂಬತ್ತು. ಒಂದು ತಿಂಗಳ ಮೇಲೆ ಎಂಬತ್ತೊಂಬತ್ತು. ಇನ್ನೊಂದು ತಿಂಗಳು ಕಳೆದು ಒಂದು ವಾರ ಎಂಬತ್ತೆಂಟಕ್ಕೆ ಬಂತು, ಅವಳು ನನಗೆ ಕಿತ್ತಳೆ ಹಣ್ಣು ತಂದುಕೊಟ್ಟಳು. ಹಣ್ಣು ತಿಂದು ಮುಗಿಸುವಷ್ಟರಲ್ಲಿ ಮತ್ತೆ ಎಂಬತ್ತೊಂಬತ್ತು. ಮನೆಯ ತಕ್ಕಡಿಯಾಗಿದ್ದರೆ ಸುಳ್ಳು ಹೇಳುತ್ತಿದೆ ಎಂದು ಬೈಯಬಹುದಿತ್ತು. ಇದು ಸರ್ಕಾರದ ಮುದ್ರೆ ಬಿದ್ದ ತಕ್ಕಡಿ. ಗಿರಾಕಿಗಳು ಜಗಳಕ್ಕೆ ಬಂದಾಗ, ಈ ತಕ್ಕಡಿ ಸುಳ್ಳು ಹೇಳಲ್ಲ ಸ್ವಾಮಿ ಎಂದು ಅವಳೇ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು.

"ಮೇಡಂ, ಯಾವ ಊರಿಗೆ ಬುಕ್ ಮಾಡ್ಲಿ?" ಎಂದು ಲೋಡರು ಚೀಟಿ ಹಿಡಿದುಕೊಂಡು ಬರುತ್ತಿದ್ದನಂತೆ. "ಒಡೆಯುವ ವಸ್ತು ಅಂತ ಹಾಕ್ಲಾ?"

"ಹಡಗಿಗೆ ಬುಕ್ ಮಾಡಪ್ಪ," ಎನ್ನುತ್ತಿದ್ದಳಂತೆ ಇವಳು. ನನಗೆ ಇದನ್ನು ನಗುತ್ತ ಹೇಳಿದಳು. ನಗು ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಬಾಯಿ ತೆರೆದುಕೊಂಡಿದ್ದಳು.

ಹಡಗು ಬಂದರಿಗೆ ಬಂದಾಗ ಅವನು ಫೋನ್ ಮಾಡುತ್ತಿದ್ದ, ಮುಖ ಕಾಣುವ ಫೋನು. ಅವಳು ಅದನ್ನು ಹಿಡಿದುಕೊಂಡು ಮೇಲಿನಿಂದ ಇಳಿದು ಬಂದು ಕಟ್ಟೆಯ ಮೇಲೆ ಕೂತೇ ಮಾತಾಡುತ್ತಿದ್ದಳು. ಅವನ ಜೊತೆ ಮಾತೆಂದರೆ ಆ ಕಲ್ಲಿನ ಮೇಲೇ ಆಗಬೇಕು.

"ವಾಕಿಂಗ್ ಹೋಗ್ತಿದ್ದೀಯಂತೆ," ಎಂದಿತು ಅವನ ದನಿ ಒಂದು ದಿನ.

"ಹ್ಞೂಂ. ಇಳಿದಿದ್ದೀನಿ ರೀ. ತುಂಬಾ ಇಳಿದಿದ್ದೀನಿ. ಬಟ್ಟೆ ಎಲ್ಲಾ ಸಡಿಲ."

ನನ್ನ ಕೈಯಲ್ಲಿದ್ದ ಮೇಣದ ಚಾಕು ನಿಂತಿತು. ಹಿಂದಿನ ಸಂಜೆಯಷ್ಟೇ ಎಂಬತ್ತೊಂಬತ್ತು ಎಂದು ನನ್ನ ಮುಂದೆ ಕಣ್ಣೀರು ಹಾಕಿದ್ದಳು.

"ಫೋನು ಸ್ವಲ್ಪ ದೂರ ಹಿಡಿಯೇ. ನೋಡೋಣ," ಅಂದ ಅವನು.

ಅವಳು ಫೋನನ್ನು ಇನ್ನೂ ಹತ್ತಿರ ತಂದಳು. "ನೆಟ್‌ವರ್ಕ್ ಸರಿಯಿಲ್ಲ," ಅಂದಳು. ಪರದೆಯ ತುಂಬ ಬರೀ ಮೂಗು, ಕಣ್ಣು.

ಮುಂದಿನ ಸಲವೂ ಹಾಗೇ. ಅವನು ದೂರ ಹಿಡಿ ಎನ್ನುವುದು, ಇವಳು ಹತ್ತಿರ ಹಿಡಿಯುವುದು. ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿ, "ನಂಬಿಕೆ ಇಲ್ಲ ಅಕ್ಕಾ ಅವರಿಗೆ. ಪೂರ್ತಿ ನೋಡ್ಬೇಕಂತೆ," ಅಂದಳು. ಗಂಡಸರ ಬುದ್ಧಿ ಇಷ್ಟೇ ಎಂದು ನಾನೂ ಅಂದುಕೊಂಡೆ. ಅಂದುಕೊಂಡಿದ್ದು ಮಾತ್ರವಲ್ಲ, ಬಾಯಿಬಿಟ್ಟು ಹೇಳಿಯೂ ಹೇಳಿದೆ.

ಈ ನಡುವೆ ನನಗೊಂದು ಸಿಟ್ಟು ಬೆಳೆಯುತ್ತಿತ್ತು. ಗಂಡ ಊರಿನಲ್ಲಿ ಇಲ್ಲದಾಗ ಅವಳು ಸಂಜೆ ಆಫೀಸಿನಿಂದ ಬಂದು ಕಟ್ಟೆಯ ಮೇಲೆ ಕೂತು ನನ್ನ ಜೊತೆ ಹರಟುವುದು ರೂಢಿ. ನಾನು ಅವಳಿಗೆಂದು ಚಹ ಮಾಡಿ ಮುಚ್ಚಿಟ್ಟಿರುತ್ತಿದ್ದೆ. ಈಗ ಅವಳು ನಿಲ್ಲುತ್ತಲೇ ಇರಲಿಲ್ಲ. "ಏನಕ್ಕಾ, ಎಷ್ಟು ಹಲ್ಲಾಯ್ತು ಇವತ್ತು?" ಎಂದು ನಡೆಯುತ್ತಲೇ ಕೇಳಿ, ನಾನು ಉತ್ತರ ಕೊಡುವಷ್ಟರಲ್ಲಿ ಮೂರನೇ ಮಹಡಿಗೆ ಹೋಗಿರುತ್ತಿದ್ದಳು. ಚಹ ನಾನೇ ಕುಡಿಯುತ್ತಿದ್ದೆ, ಎರಡೂ ಲೋಟ. ನನ್ನಿಂದ ಏನಾದರೂ ತಪ್ಪಾಯಿತೇ ಎಂದು ಕೆಲವು ದಿನ ತಲೆ ಕೆಡಿಸಿಕೊಂಡೆ. ಒಂದು ಸಂಜೆ ಭುಜದ ಮೇಲೆ ಕುಡಿಯುವ ನೀರಿನ ದೊಡ್ಡ ಕ್ಯಾನು ಇಟ್ಟುಕೊಂಡು ಏನೋ ಗುನುಗುತ್ತ ಹತ್ತಿ ಹೋದಳು. ಆಗ ನನಗೆ ಗೊತ್ತಾಯಿತು. ಅವಳಿಗೆ ನಿಲ್ಲುವ ಅಗತ್ಯವೇ ಇರಲಿಲ್ಲ. ಅವಳಿಗೇ ಅದು ಗೊತ್ತಿರಲಿಲ್ಲ. ತಕ್ಕಡಿ ಹೇಳದ ಯಾವುದನ್ನೂ ಅವಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಡಾಕ್ಟರರು ಬಿಪಿ ಮಾತ್ರೆಯನ್ನು ಅರ್ಧ ಮಾಡಿದರು ಎಂಬುದನ್ನು ಕೂಡ, ತರಕಾರಿ ಅಗ್ಗವಾಗಿದೆ ಎನ್ನುವ ಹಾಗೆ ಹೇಳಿ ಹೋಗಿದ್ದಳು.

ಮುಂದಿನ ತಿಂಗಳು ಬರುತ್ತೇನೆ ಎಂದು ಅವನಿಂದ ಸುದ್ದಿ ಬಂತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದವಳು ಈಗ ದಿನ ಎಣಿಸಿ ಹೆದರತೊಡಗಿದಳು. ಹೇಳಿದ ಸುಳ್ಳು ಇನ್ನು ರೈಲಿಳಿದು ಮನೆಗೇ ಬರುತ್ತಿದೆ. ಮಧ್ಯಾಹ್ನದ ಊಟ ಬಿಟ್ಟಳು. ರಾತ್ರಿಯದನ್ನೂ ಬಿಟ್ಟಳು. ಸೌತೆಕಾಯಿ, ನೀರು, ಮತ್ತೆ ನೀರು. ಒಂದು ವಾರಕ್ಕೆ ಪಾರ್ಸೆಲ್ ಆಫೀಸಿನಲ್ಲಿ ಕಣ್ಣು ಕತ್ತಲೆ ಬಂದು ಟೈರುಗಳ ರಾಶಿಯ ಮೇಲೆ ಬಿದ್ದಳು. ಟೈರಾಗಿದ್ದಕ್ಕೆ ಪೆಟ್ಟಾಗಲಿಲ್ಲ. ಲೋಡರು ಆಟೋದಲ್ಲಿ ಕರೆತಂದು ಕಟ್ಟೆಯ ಮೇಲೆ ಕೂರಿಸಿ, ನನ್ನ ಮೇಲೆ ಹರಿಹಾಯ್ದ.

"ಪಕ್ಕದಲ್ಲೇ ಇರ್ತೀರಿ, ಹೇಳೋಕಾಗಲ್ವಾ? ಹಿಂಗೆ ಉಪವಾಸ ಬಿದ್ರೆ ನಾಳೆ ಮೂಟೆ ಜೊತೆ ಇವರನ್ನೂ ನಾನೇ ಹೊರ್ಬೇಕು."

ಅವನು ಹೋದ ಮೇಲೆ ನಾನು ಬ್ರೆಡ್ಡು, ಹಾಲು ಕೊಟ್ಟೆ. ತಿಂದಳು. ಆಮೇಲೆ ತನ್ನ ಚೀಲದಿಂದ ಒಂದು ಪೊಟ್ಟಣ ಕ್ರೀಮ್ ಬಿಸ್ಕತ್ತು ತೆಗೆದು ಅದನ್ನೂ ತಿನ್ನತೊಡಗಿದಳು, ಒಂದಾದ ಮೇಲೊಂದು, ರುಚಿಯೇ ಇಲ್ಲದವಳ ಹಾಗೆ.

"ಸಾಕಕ್ಕಾ," ಅಂದಳು. "ನಾಳೆಯಿಂದ ನಡಿಯಲ್ಲ. ಯಾರಿಗೋಸ್ಕರ ನಡೀಲಿ? ಇಷ್ಟೆಲ್ಲ ಮಾಡಿ ಏನು ಬಂತು? ಹೋದಾಗ ಹೆಂಗಿದ್ನೋ ಹಂಗೇ ಇದ್ದೀನಿ. ಅವರು ರೈಲಿಳಿದು ನೋಡ್ತಾರೆ, ಅದೇ ಡ್ರಮ್ಮು ನಿಂತಿರುತ್ತೆ."

ನನಗೆ ಸಮಾಧಾನ ಹೇಳಲು ಬರುವುದಿಲ್ಲ. ಬರುವುದು ಹಲ್ಲಿನ ಮಾತೊಂದೇ.

"ನೋಡು," ಅಂದೆ. "ಹೊಸ ಸೆಟ್ಟು ಹಾಕಿಸಿಕೊಂಡವರೆಲ್ಲ ಮೊದಲು ಕನ್ನಡಿ ಕೇಳ್ತಾರಂತೆ. ಕನ್ನಡಿ ನೋಡಿ, ಮುಖ ಮೊದಲಿನ ಹಾಗೇ ಇದೆ, ದುಡ್ಡು ದಂಡ ಅಂತ ಡಾಕ್ಟರ ಮೇಲೆ ಜಗಳಕ್ಕೆ ಹೋಗ್ತಾರೆ. ಮೊದಲು ಏನಾದ್ರೂ ಅಗಿದು ನೋಡಿ ಅಂತ ಹೇಳಿಕಳಿಸ್ತೀನಿ ನಾನು. ಹಲ್ಲಿರೋದು ಅಗಿಯೋಕೆ. ಮೊನ್ನೆ ನೀರಿನ ಕ್ಯಾನು ಹೊತ್ಕೊಂಡು ನಾಲ್ಕನೇ ಮಹಡಿಗೆ ಹೋದೆ. ಇಲ್ಲಿ ಕೂತ್ಯಾ? ನಿಂತ್ಯಾದ್ರೂ? ಈ ಕಟ್ಟೆ ಮೇಲೆ ಸುಸ್ತಾಗಿ ಕೂತು ಎಷ್ಟು ಕಾಲ ಆಯ್ತು ಹೇಳು."

ಅವಳು ಕಟ್ಟೆಯನ್ನು ನೋಡಿದಳು, ಅದನ್ನು ಮೊದಲ ಸಲ ಕಂಡವಳಂತೆ. ಯೋಚಿಸಿದಳು. ಮುಖ ಒಂದು ಗಳಿಗೆ ಸಡಿಲವಾಯಿತು, ಮತ್ತೆ ಬಿಗಿಯಿತು.

"ಅದು ಅವರಿಗೆ ಕಾಣುತ್ತಾ ಅಕ್ಕಾ?" ಅಂದಳು.

ಕಾಣುವುದಿಲ್ಲ ನಿಜ. ರೈಲಿಳಿದವನಿಗೆ ಹೆಂಡತಿ ಕಾಣುತ್ತಾಳೆಯೇ ಹೊರತು ಹೆಂಡತಿಯ ಉಸಿರು ಕಾಣುತ್ತದೆಯೇ? ಖಾಲಿ ಪೊಟ್ಟಣವನ್ನು ಮಡಚಿ ಮಡಚಿ ಸಣ್ಣದು ಮಾಡಿ, ನನ್ನ ಕಿಟಕಿಯ ಮೇಲಿಟ್ಟು ಅವಳು ಮೇಲೆ ಹೋದಳು.

ಮಾರನೆಯ ಬೆಳಿಗ್ಗೆ ನಾನು ಬೇಕೆಂದೇ ಬೇಗ ಎದ್ದು ಕೂತೆ. ಬಹಳ ಹೊತ್ತು ಏನೂ ಸದ್ದಿಲ್ಲ. ಹಾಲಿನವನು ಬಂದುಹೋದ. ಮುಗಿಯಿತು ಎಂದುಕೊಂಡು ಮೇಣ ಕಾಯಿಸಲು ಏಳುವಾಗ ಮೇಲಿನಿಂದ ಬೂಟಿನ ಸಪ್ಪಳ ಬಂತು. ನಿಧಾನವಾಗಿ, ಇಷ್ಟವಿಲ್ಲದವರ ನಡಿಗೆ. ನನ್ನನ್ನು ಕಂಡು ಮುಖ ತಿರುಗಿಸಿದಳು.

"ಸೇತುವೆ ತನಕ ಹೋಗದಿದ್ರೆ ಅವರ ಜೊತೆ ಮಾತಾಡಿದ ಹಂಗೇ ಆಗಲ್ಲ," ಎಂದು ಗೋಡೆಗೆ ಹೇಳಿ ಇಳಿದುಹೋದಳು.

ಅಂದಿನಿಂದ ತಕ್ಕಡಿ ಹತ್ತುವುದನ್ನು ಬಿಟ್ಟಳೆಂದು ಹೇಳಿದರೆ ಚೆನ್ನಾಗಿರುತ್ತಿತ್ತು. ಬಿಡಲಿಲ್ಲ. ಹತ್ತುತ್ತಿದ್ದಳು, ಎಂಬತ್ತೊಂಬತ್ತು ನೋಡುತ್ತಿದ್ದಳು, ಇಳಿಯುತ್ತಿದ್ದಳು. ಊಟ ಮಾತ್ರ ಹೊತ್ತಿಗೆ ಸರಿಯಾಗಿ ಮಾಡತೊಡಗಿದಳು. ಡಬ್ಬಿಯಲ್ಲಿ ಏನಿದೆ ಎಂದು ಲೋಡರು ದಿನಾ ಮುಚ್ಚಳ ತೆಗೆಸಿ ನೋಡುತ್ತಿದ್ದನಂತೆ.

ಅವನು ಬಂದದ್ದು ಒಂದು ಸಂಜೆ. ಅವಳು ಕಪ್ಪು ಬಟ್ಟೆ ಹಾಕಿಕೊಂಡಿದ್ದಳು, ಕಪ್ಪಿನಲ್ಲಿ ಸಣ್ಣ ಕಾಣುತ್ತಾರೆ ಎಂದು ಯಾರೋ ಹೇಳಿದ್ದರು. "ಕಾಣ್ತೀನಾ?" ಎಂದು ಕೇಳಿದಳು. "ಕಪ್ಪಗೆ ಕಾಣ್ತೀಯ," ಅಂದೆ. ಕನ್ನಡಕದ ಡಬ್ಬಿ ಕೈಯಲ್ಲಿ ಹಿಡಿದು ಸ್ಟೇಷನ್ನಿಗೆ ನಡೆದೇ ಹೋದಳು. ಅಷ್ಟು ದೂರ ಆಟೋ ಹಿಡಿಯಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಕತ್ತಲಾಗುವ ಮೊದಲು ಮೆಟ್ಟಿಲ ಮೇಲೆ ಅವರ ಸದ್ದು ಕೇಳಿಸಿತು. ಮುಂದೆ ಅವಳು, ಅವನ ದೊಡ್ಡ ಸೂಟ್‌ಕೇಸನ್ನು ಎತ್ತಿಕೊಂಡು. ಹಿಂದೆ ಅವನು, ಸಣ್ಣ ಚೀಲ ಹಿಡಿದು. ಅವಳು ಒಂದೇ ಸಮನೆ ಮಾತಾಡುತ್ತಿದ್ದಳು. ಹೆದರಿದಾಗ ಅವಳಿಗೆ ಮಾತು ಜಾಸ್ತಿ. ಗೀಸರು ಕೆಟ್ಟಿದ್ದು, ಮೇಲಿನ ಟ್ಯಾಂಕು ಸೋರಿದ್ದು, ಮೂರನೇ ಮಹಡಿಯ ನಾಯಿ ಮರಿ ಹಾಕಿದ್ದು. ಅದೇ ಮಾತಿನಲ್ಲಿ ನನ್ನ ಕಿಟಕಿಯನ್ನೂ ಕಟ್ಟೆಯನ್ನೂ ದಾಟಿ ಮೇಲೆ ಹೋಗಿಬಿಟ್ಟಳು.

ಅವನು ತಿರುವಿಗೆ ಬಂದ. ಸಣ್ಣ ಚೀಲವನ್ನು ನೆಲಕ್ಕಿಟ್ಟ. ಕಟ್ಟೆಯ ಒಂದು ಬದಿಗೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟು ಕೂತ. ಆಮೇಲೆ ತಲೆಯೆತ್ತಿ ನೋಡಿದ. ಅವಳ ಮಾತು ಮೂರನೇ ಮಹಡಿಯಲ್ಲಿ ಕೇಳಿಸುತ್ತಿತ್ತು.

"ಅಕ್ಕಾ," ಅಂದ ನನ್ನನ್ನು ಕಂಡು. "ಇವಳು ನಿಲ್ಲಲೇ ಇಲ್ಲ."

"ಈಗ ನಿಲ್ಲಲ್ಲಪ್ಪ ಅವಳು. ಬಹಳ ದಿನ ಆಯ್ತು."

ಅವನು ಕಲ್ಲನ್ನು ಅಂಗೈಯಿಂದ ಸವರಿದ. ಅವನ ಮುಖದಲ್ಲಿ ಸಂತೋಷವಿರಲಿಲ್ಲ. ಅದು ಯಾಕೆಂದು ನನಗೆ ಅರ್ಥವಾಯಿತು. ನಾನೂ ಎರಡೂ ಲೋಟ ಚಹ ಕುಡಿದವಳಲ್ಲವೇ?

"ಹಡಗಿನ ಅಡುಗೆಮನೆ ಹಿಂದೆ ಈರುಳ್ಳಿ ಪೆಟ್ಟಿಗೆ ಇಟ್ಟಿರ್ತೀವಿ," ಅಂದ. "ಪಾತ್ರೆಯೆಲ್ಲ ಮುಗಿಸಿ ಅದರ ಮೇಲೆ ಕೂರ್ತಿದ್ದೆ. ಹಿಂಗೇ, ಈ ಕಡೆಗೆ. ಈಗ ಬರ್ತಾಳೆ, ಪಕ್ಕದಲ್ಲಿ ಕೂತು ಉಸಿರು ಬಿಡ್ತಾಳೆ ಅಂತ. ಫೋನು ದೂರ ಹಿಡಿ ಅಂದ್ರೆ ಹತ್ತಿರ ಹಿಡಿಯೋಳು. ಒಂದು ಸಲಾನೂ ಈ ಕಟ್ಟೆ ತೋರಿಸ್ಲಿಲ್ಲ."

ನಾನು ಗಂಡಸರ ಬುದ್ಧಿಯ ಬಗ್ಗೆ ಹೇಳಿದ್ದೆಲ್ಲ ನೆನಪಾಗಿ ಕಿಟಕಿಯಿಂದ ಸ್ವಲ್ಪ ಹಿಂದೆ ಸರಿದೆ.

"ರೀ, ಎಲ್ಲಿದ್ದೀರಿ?" ಮೇಲಿನಿಂದ ಕೂಗು. ಉತ್ತರ ಬರದೆ ದಡದಡ ಇಳಿದು ಬಂದಳು. ಸೂಟ್‌ಕೇಸು ಮನೆಗೆ ಮುಟ್ಟಿಸಿಯೇ ಬಂದಿದ್ದಳು. ಗಂಡ ಕೂತಿರುವುದನ್ನು ಕಂಡು ಗಾಬರಿಯಾದಳು. "ಯಾಕ್ರೀ? ಎದೆ ನೋವಾ? ಉಸಿರು ಸಿಗ್ತಿಲ್ವಾ?"

"ನಂಗೆ ಸಿಗ್ತಿದೆ," ಅಂದ. "ನಿಂಗೂ ಸಿಗ್ತಿದೆಯಲ್ಲ. ಅದೇ ನೋಡ್ತಿದ್ದೀನಿ."

ಅವಳು ಹಾಗೇ ನಿಂತಳು. ನಾಲ್ಕು ಮಹಡಿ ಸೂಟ್‌ಕೇಸು ಹೊತ್ತು ಹತ್ತಿ, ಎರಡು ಮಹಡಿ ಓಡಿ ಇಳಿದು ನಿಂತಿದ್ದಳು, ಎದೆ ಸಮವಾಗಿ ಏರಿಳಿಯುತ್ತಿತ್ತು. ಅದು ಅವನಿಗೆ ಕಾಣಿಸಿತ್ತು. ಅವನು ಮೊದಲು ಕಂಡಿದ್ದೇ ಅದನ್ನು.

"ನಾನು ತೂಕ ಇಳಿದಿಲ್ಲ ರೀ," ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು. "ಸುಳ್ಳು ಹೇಳಿದ್ದೆ. ಒಂದು ಕಿಲೋನೂ ಇಳಿದಿಲ್ಲ."

"ನಾನೇನು ತಕ್ಕಡಿ ತಂದಿದ್ದೀನಾ?" ಅಂದ. ಕಟ್ಟೆಯನ್ನು ತಟ್ಟಿದ. "ಬಾರೇ ಇಲ್ಲಿ. ಸುಸ್ತಾದವಳ ಹಂಗೆ ಸ್ವಲ್ಪ ಹೊತ್ತು ಕೂರು. ಅಷ್ಟು ದೂರದಿಂದ ಬಂದಿದ್ದೀನಿ."

ಅವಳು ಕೂತಳು. ಕೆಟ್ಟದಾಗಿ, ಸ್ವಲ್ಪವೂ ನಂಬಲಾಗದ ಹಾಗೆ, ಏದುಸಿರು ಬಿಟ್ಟು ತೋರಿಸಿದಳು. ಅವನು ನಕ್ಕ. ಅವಳು ಅತ್ತಳು. ನಾನು ಕಿಟಕಿ ಮುಚ್ಚಿದೆ. ಎಂದೂ ಮುಚ್ಚದ ಕಿಟಕಿ, ಅದರ ಚಿಲಕ ಬೀಳಲಿಲ್ಲ, ಹಾಗೇ ಕೈಯಿಂದ ಒತ್ತಿ ಹಿಡಿದು ನಿಂತಿದ್ದೆ.

ಅವನು ಮನೆಯಲ್ಲಿದ್ದಷ್ಟು ಕಾಲ ಇಬ್ಬರೂ ಬೆಳಿಗ್ಗೆ ಸೇತುವೆಯವರೆಗೆ ನಡೆದರು, ಸಂಜೆ ಕಟ್ಟೆಯ ಮೇಲೆ ಕೂತರು. ನನ್ನ ಚಹಕ್ಕೆ ಮತ್ತೆ ಗಿರಾಕಿಗಳು ಸಿಕ್ಕರು. ಆಮೇಲೆ ಹೊಸ ಹಡಗಿನ ಕರೆ ಬಂತು.

ಹೊರಡುವ ದಿನ ಕಾನೂನಿನಂತೆ ಇಬ್ಬರೂ ಕಟ್ಟೆಗೆ ಬಂದರು. ಟ್ಯಾಕ್ಸಿಯವನು ಒಂದು ಸಲ ಹಾರ್ನ್ ಹೊಡೆದ. ಅವಳು ತಲೆ ತಗ್ಗಿಸಿಕೊಂಡಿದ್ದಳು. ಆಗ ಅವನು ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು ತನ್ನ ಬೆನ್ನ ಹಿಂದೆ ಕಲ್ಲಿನ ಮೇಲಿಟ್ಟು, ಕಿಟಕಿಯಲ್ಲಿದ್ದ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟ. ಎರಡನೇ ಹಾರ್ನ್ ಆಯಿತು. ಎದ್ದು ಹೋದ. ಹಿಂದೆ ತಿರುಗಲಿಲ್ಲ.

ಅವಳ ಕೈಗೆ ಡಬ್ಬಿ ಸಿಕ್ಕಿದಾಗ ಕೆಳಗೆ ಡಿಕ್ಕಿ ಮುಚ್ಚಿದ ಸದ್ದಾಗಿತ್ತು. "ಅಯ್ಯೋ, ಮತ್ತೆ ಮರೆತರು," ಅಂದವಳೇ ಎದ್ದಳು. ನಾನು ಬೀದಿ ಕಡೆಯ ಕೋಣೆಗೆ ಹೋಗುವಷ್ಟರಲ್ಲಿ ಅವಳು ರಸ್ತೆಯಲ್ಲಿದ್ದಳು. ಅಷ್ಟು ದೊಡ್ಡ ಹೆಂಗಸು ಅಷ್ಟು ಜೋರಾಗಿ ಓಡುವುದನ್ನು ಬೀದಿಯವರು ನೋಡಿರಲಿಲ್ಲ, ಸೈಕಲ್ಲಿನವನೊಬ್ಬ ದಾರಿ ಬಿಟ್ಟು ನಿಂತ. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಟ್ಯಾಕ್ಸಿ ತಿರುಗಲಿಲ್ಲ, ನಿಂತಿತು. ಕಿಟಕಿಯಿಂದ ಅವನ ಕೈ ಹೊರಗೆ ಬಂತು. ಡಬ್ಬಿ ತೆಗೆದುಕೊಂಡ ಮೇಲೂ ಆ ಕೈ ಅವಳ ಕೈಯನ್ನು ಬಿಡಲಿಲ್ಲ. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು, ಬೈದವು, ಅವರಿಬ್ಬರಿಗೂ ಕೇಳಿಸಿದಂತೆ ಕಾಣಲಿಲ್ಲ.

ತಿರುಗಿ ಬಂದು ಅವಳು ಮೆಟ್ಟಿಲು ಹತ್ತಿದಳು. ನಾನು ಕಿಟಕಿಗೆ ಬಂದು ನಿಂತಿದ್ದೆ.

"ಸಿಕ್ಕಿದ್ರು ಅಕ್ಕಾ," ಅಂದಳು. ಅವಳ ಉಸಿರು ಸರಿಯಾಗಿಯೇ ಇತ್ತು. ಆದರೂ ಮೇಲೆ ಹೋಗಲಿಲ್ಲ. ಕಟ್ಟೆಯ ಒಂದು ಬದಿಗೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟು ಕೂತಳು. ನಾನು ಚಹ ಕೊಟ್ಟೆ. ಲೋಟ ಹಿಡಿದುಕೊಂಡು, ಕತ್ತಲಾಗುವವರೆಗೂ ಅಲ್ಲೇ ಕೂತಿದ್ದಳು.